ಬಿಳಿ ಗೀಟಿನ ಕೋಟು

"ಯಾರಿಗೇ ಈ ತಟ್ಟೆ? ಕೇಳ್ತಿರೋದು ನಿನ್ನನ್ನೇ. ಬಾಯಲ್ಲೇನು ಸೂಜಿ ಕಚ್ಕೊಂಡಿದೀಯಾ?"

ಮಗಳು ನಿಜವಾಗಿಯೂ ಸೂಜಿ ಕಚ್ಚಿಕೊಂಡಿದ್ದಳು. ಅದನ್ನು ತುಟಿಯಿಂದ ತೆಗೆದು ಭುಜದ ಬಟ್ಟೆಗೆ ಚುಚ್ಚಿಕೊಂಡು, "ಊಟಕ್ಕೆ," ಎಂದಳು.

"ತಟ್ಟೆ ಇರೋದು ಊಟಕ್ಕೆ ಅಂತ ನಂಗೂ ಗೊತ್ತು, ತಲೆಗೆ ಹಾಕ್ಕೊಳ್ಳೋಕಲ್ಲ. ಮನೇಲಿ ಇರೋರು ಐದು ಜನ. ಹಾಕಿರೋದು ಆರು. ಪಡಿತರದ ಹಿಟ್ಟಲ್ಲಿ ರೊಟ್ಟಿ ಮಾಡಿದ್ರೆ ಈ ಕಡೆಯಿಂದ ಆ ಕಡೆ ಕಾಣುತ್ತೆ, ಅಷ್ಟು ತೆಳು. ಅದರಲ್ಲಿ ಈ ಆರನೇ ಮಹಾರಾಯ ಯಾರು?" ಎಂದಳು ಅಮ್ಮ.

"ನನ್ನ ಪಾಲಲ್ಲಿ ಅರ್ಧ ಕೊಡ್ತೀನಿ. ನಿನ್ನಪ್ಪನ ಗಂಟೇನು ಹೋಗುತ್ತೆ?"

"ನನ್ನಪ್ಪನ ಗಂಟು ಯಾವತ್ತೋ ಹೋಯ್ತು. ಈಗ ಹೋಗ್ತಿರೋದು ನಿನ್ನಪ್ಪನದು."

ಆ ಅಪ್ಪ ಎನ್ನಿಸಿಕೊಂಡವನು ತನ್ನ ತಟ್ಟೆಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ. ಮಗ ಬಾಯಿ ತುಂಬ ಅಗಿಯುತ್ತ ನಗುತ್ತಿದ್ದ. ಗೋಡೆಗೆ ಒರಗಿ ಕೂತ ಅಜ್ಜಿ ಮಾತ್ರ ಅಗಿಯುವುದನ್ನು ನಿಲ್ಲಿಸಿದಳು. ಅವಳಿಗೆ ಕಣ್ಣು ಮಂದ, ಕಿವಿ ಚುರುಕು.

"ಗಂಟಿನ ಮಾತು ಬಂತಲ್ಲ, ಒಳ್ಳೇದಾಯ್ತು," ಎಂದಳು. "ಯಾರೋ ಈ ಮನೆಗೆ ಗಂಟು ಬಿದ್ದಿದಾರೆ ಅಂತ ನಂಗೂ ಅನ್ನಿಸ್ತಿತ್ತು. ಹಿತ್ತಲಲ್ಲಿ ಇವಳ ಮಾತು ದಿನಾ ಕೇಳುತ್ತೆ, ಒಬ್ಬಳೇ ಮಾತಾಡೋ ಹುಡುಗಿ ಅಲ್ಲ ಇವಳು. ಜಗಳಕ್ಕೆ ಎದುರಿಗೆ ಒಬ್ಬರು ಬೇಕು ಇವಳಿಗೆ."

ಅಮ್ಮ ಸೌಟು ಹಿಡಿದೇ ಹಿತ್ತಲ ಬಾಗಿಲಿಗೆ ಹೋದಳು. ಹಗ್ಗದ ಮೇಲೆ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಮಧ್ಯಾಹ್ನದ ಬಿಸಿಲು ಉಣ್ಣೆಯ ಮೇಲೆ ಬಿದ್ದು ಸಣ್ಣ ಸಣ್ಣ ನವಿರು ಹೊನ್ನಿನ ಪುಡಿಯಂತೆ ಗಾಳಿಯಲ್ಲಿ ತೇಲುತ್ತಿತ್ತು. ಕೊನೆಯ ಕೋಟಿನ ಕೆಳಗೆ ಎರಡು ಬೂಟುಗಳು. ದಾರ ಕಟ್ಟದ ಬೂಟುಗಳು. ಅವುಗಳಲ್ಲಿ ಕಾಲುಗಳೂ ಇದ್ದವು.

"ಓಡಿ ಬಂದ ಸಿಪಾಯಿ!" ಎಂದು ಅಮ್ಮ ಸೌಟು ಎತ್ತಿದಳು. "ನಮ್ಮನ್ನೆಲ್ಲ ಕೋಳ ಹಾಕಿಸ್ತೀಯಲ್ಲೋ! ನಡಿ ಆಚೆ!"

ಕೋಟಿನ ಹಿಂದಿನಿಂದ ಒಬ್ಬ ಹುಡುಗ ತಲೆ ಹೊರಗೆ ಹಾಕಿದ. ಇಪ್ಪತ್ತರ ಆಚೀಚೆ ಇರಬೇಕು. ಬಿಸಿಲು ಅವನ ಮುಖದ ಮೇಲೆ ನಿಲ್ಲದೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿರುವಂತೆ ಕಾಣುತ್ತಿತ್ತು.

"ಓಡಿ ಬಂದಿಲ್ಲ, ಅಮ್ಮಾ," ಎಂದ. "ನನ್ನ ಕಟ್ಟಿ ಹಾಕಿದಾರೆ."

ಆ ಮನೆಯ ಕೆಲಸ ರಫೂ. ಹರಿದ ಬಟ್ಟೆಯನ್ನು ಹರಿದದ್ದೇ ಗೊತ್ತಾಗದ ಹಾಗೆ ಮಾಡುವ ಕೆಲಸ. ತೇಪೆ ಹಾಕುವವರನ್ನು ಕಂಡರೆ ಅಜ್ಜಿಗೆ ಆಗುತ್ತಿರಲಿಲ್ಲ. ತೇಪೆ ಎಂದರೆ ಸುಳ್ಳು ಹೇಳಿ ಸಿಕ್ಕಿಬಿದ್ದ ಹಾಗೆ, ರಫೂ ಎಂದರೆ ಸುಳ್ಳು ಹೇಳಿ ದಕ್ಕಿಸಿಕೊಂಡ ಹಾಗೆ ಎನ್ನುತ್ತಿದ್ದಳು. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಅದೇ ಎಳೆಯಿಂದ ತೂತಿನ ಮೇಲೆ ಹೊಸದಾಗಿ ನೆಯ್ಯಬೇಕು. ಅಜ್ಜಿ ಅಪ್ಪನಿಗೆ ಕಲಿಸಿದಳು, ಅಪ್ಪ ಮಗಳಿಗೆ. ಮಗಳ ಬೆರಳೂ ಚೂಪು, ಬಾಯಿಯೂ ಚೂಪು. ಹಾಗಾಗಿ ಅವಳನ್ನು ಬೀದಿಯವರೆಲ್ಲ ಸೂಜಿ ಎಂದೇ ಕರೆಯುತ್ತಿದ್ದರು.

ಯುದ್ಧ ಶುರುವಾದ ಮೇಲೆ ಊರಿನವರು ಹರಿದದ್ದನ್ನೇ ಹಾಕಿಕೊಂಡು ತಿರುಗಿದರು. ರಫೂ ಕೇಳುವವರಿಲ್ಲ. ಅಷ್ಟರಲ್ಲಿ ಸೈನ್ಯದ ಉಗ್ರಾಣದಿಂದ ಗಾಡಿ ಬರತೊಡಗಿತು. ಗಾಡಿಯ ತುಂಬ ಬೂದಿ ಬಣ್ಣದ ದಪ್ಪ ಕೋಟುಗಳು. ಮುಂದೆ ಸಣ್ಣ ತೂತು, ಹಿಂದೆ ದೊಡ್ಡ ತೂತು. ಕೆಲವು ಕೋಟುಗಳ ಒಡೆಯರು ಆಸ್ಪತ್ರೆಯಲ್ಲಿ ಮಲಗಿ ತಮ್ಮ ಕೋಟಿಗಾಗಿ ಕಾಯುತ್ತಿದ್ದರು. ಕೆಲವರು ಯಾವುದಕ್ಕೂ ಕಾಯುತ್ತಿರಲಿಲ್ಲ. ಅಂಥವರ ಕೋಟಿನ ಕೊರಳುಪಟ್ಟಿಯ ಒಳಗೆ ಉಗ್ರಾಣದವರು ಸೀಮೆಸುಣ್ಣದಲ್ಲಿ ಒಂದು ಬಿಳಿ ಗೀಟು ಎಳೆದಿರುತ್ತಿದ್ದರು. ಅವು ಹೊಸದಾಗಿ ಸೇರುವವರ ಮೈಗೆ.

ಮನೆಯಲ್ಲಿ ಅಜ್ಜಿ ಒಂದು ಕಟ್ಟಳೆ ಮಾಡಿದ್ದಳು. ಗೀಟಿಲ್ಲದ ಕೋಟಿನ ರಫೂ ಮುಗಿದಾಗ ಎಳೆಗೆ ಗಂಟು ಹಾಕಬೇಕು. ಗೀಟು ಇರುವ ಕೋಟಿಗೆ ಗಂಟು ಹಾಕಬಾರದು. ಎಳೆಯ ತುದಿಯನ್ನು ನೆಯ್ಗೆಯ ಕೆಳಗೆ ಹಿಂದಕ್ಕೆ ತೂರಿಸಿ ಹಾಗೇ ಬಿಟ್ಟುಬಿಡಬೇಕು. "ಹೋಗೋರನ್ನ ಹೋಗೋಕೆ ಬಿಡ್ಬೇಕು," ಎನ್ನುತ್ತಿದ್ದಳು. ಅಪ್ಪನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಒಂದಿಷ್ಟು ಎಳೆ ಉಳಿಯುತ್ತದಲ್ಲ ಎಂದು ಪಾಲಿಸುತ್ತಿದ್ದ.

ಕೋಟು ಕೈಗೆ ಬಂದ ಕೂಡಲೇ ಮೊದಲು ಕೊರಳುಪಟ್ಟಿ ತಿರುಗಿಸಿ ನೋಡು, ಆಮೇಲೆ ಬ್ರಷ್ ಹಾಕು. ಇಷ್ಟೇ. ಅಮ್ಮ ಸೌಟು ಎತ್ತುವುದಕ್ಕೆ ಕೆಲವು ದಿನ ಮೊದಲು ಸೂಜಿ ಅವಳ ಜೊತೆ ಸೌದೆ ವಿಷಯಕ್ಕೆ ಜಗಳವಾಡಿ ಸಿಟ್ಟಿನಲ್ಲಿ ಬಂದು ಕೂತವಳು, ಕೋಟು ತೆಗೆದುಕೊಂಡು ಒಳಗೆ ಹೊರಗೆ ಎರಡೂ ಕಡೆ ಬ್ರಷ್ಷಿನಿಂದ ಬಡಿದು ಉಜ್ಜಿದಳು. ಕೆಸರಿನ ಜೊತೆ ಗೀಟೂ ಹೋಯಿತು. ಎದೆಯ ಎಡಕ್ಕಿದ್ದ ತೂತನ್ನು ಅಷ್ಟು ಚೆನ್ನಾಗಿ ಮುಚ್ಚಿದಳೆಂದರೆ ತಾನೇ ಮತ್ತೆ ಹುಡುಕಿದರೂ ಸಿಗದು. ಕೊನೆಗೆ ಗಂಟು ಹಾಕಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಬಿಗಿಯಾಗಿಯೇ ಹಾಕಿದಳು.

ಗಾಳಿಗೆಂದು ಹಗ್ಗಕ್ಕೆ ತೂಗುಹಾಕಿದಾಗ ಉಳಿದ ಕೋಟುಗಳು ಗಾಳಿ ಬಂದಾಗ ಉಬ್ಬಿದವು, ನಿಂತಾಗ ಇಳಿದವು. ಇದೊಂದು ಮಾತ್ರ ಗಾಳಿಯಿಲ್ಲದೆ ಉಬ್ಬಿತು.

"ಸ್ವಲ್ಪ ಬಿಗಿಯಾಯ್ತು," ಎಂದಿತು ಆಚೆ ಕಡೆಯಿಂದ ಒಂದು ದನಿ.

"ಬಿಗಿಯಾದ್ರೆ ಉಸಿರು ಒಳಗೆ ಎಳ್ಕೊ," ಎಂದಳು ಸೂಜಿ. ಅವಳು ಯಾರಿಗಾದರೂ ಹಾಗೇ ಉತ್ತರ ಕೊಡುವವಳು.

"ಎಳ್ಕೊಳ್ಳೋಕೆ ಉಸಿರಿದ್ರೆ ತಾನೇ?"

ಅವಳು ಕೋಟನ್ನು ಸರಿಸಿ ನೋಡಿದಳು. ಅಲ್ಲಿ ಅವನಿದ್ದ. ಅವಳಿಗೆ ಹೆದರಿಕೆಯಾಗಲಿಲ್ಲ. ತಾನು ನೆಯ್ದ ಜಾಗ ಅವನ ಎದೆಯ ಮೇಲೆ ಎಷ್ಟು ನಯವಾಗಿ ಕೂತಿದೆ ಎಂಬುದೇ ಅವಳ ಕಣ್ಣಿಗೆ ಮೊದಲು ಬಿದ್ದದ್ದು.

ಸೌಟಿನ ದಿನ ಅಜ್ಜಿಯನ್ನು ಕೈಹಿಡಿದು ಹಿತ್ತಲಿಗೆ ಕರೆತಂದರು. ಅವಳು ಕೋಟಿನ ಎದೆಯ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಗಂಟಿದೆ," ಎಂದಳು. "ಗೀಟು ನೋಡಿದ್ಯೇನೇ?"

ಸೂಜಿ ಭುಜಕ್ಕೆ ಚುಚ್ಚಿದ್ದ ಸೂಜಿಯನ್ನು ಕಿತ್ತು ಮತ್ತೆ ಅಲ್ಲೇ ಚುಚ್ಚಿಕೊಂಡಳು.

"ಮೊದಲು ನೋಡು, ಆಮೇಲೆ ಉಜ್ಜು ಅಂತ ಹೇಳಿ ಹೇಳಿ ನನ್ನ ಹಲ್ಲೆಲ್ಲ ಉದುರಿದ್ವು. ಈಗ ನೋಡು. ಸತ್ತವನನ್ನ ಕಟ್ಟಿ ಹಾಕಿ ಕೂತಿದೀಯ."

ಮಗ ಮೆಲ್ಲಗೆ ಅಮ್ಮನ ಬೆನ್ನ ಹಿಂದೆ ಸರಿದ. ಅವನು ಸೂಜಿಗಿಂತ ಒಂದು ವರ್ಷ ದೊಡ್ಡವನು, ಬೇಕರಿಯ ಒಲೆಯ ಮುಂದೆ ಕೆಲಸ. ನಾಯಿಗೆ ಹೆದರುತ್ತಿದ್ದ, ಹಲ್ಲಿಗೆ ಹೆದರುತ್ತಿದ್ದ, ರೊಟ್ಟಿ ಉಬ್ಬಿ ಸಿಡಿದರೂ ಹಾರಿಬೀಳುತ್ತಿದ್ದ. ಅಜ್ಜಿಯೇ ಪುಕ್ಕಲ ಎಂದು ಹೆಸರಿಟ್ಟಿದ್ದಳು, ಅದೇ ನಿಂತಿತು.

"ಹಂಗಾದ್ರೆ ಬಿಚ್ಚು," ಎಂದಳು ಅಮ್ಮ. "ಈಗಲೇ ಬಿಚ್ಚು, ಹೋಗ್ಲಿ ಪಾಪ."

"ಹಾಕಿದವರೇ ಬಿಚ್ಚಬೇಕು," ಎಂದಳು ಅಜ್ಜಿ. "ಮನಸ್ಸಿಟ್ಟು ಬಿಚ್ಚಬೇಕು. ಇಲ್ಲದಿದ್ರೆ ಸಿಕ್ಕಾಗುತ್ತೆ."

"ಗಾಡಿ ಬರೋದು ತಿಂಗಳ ಕೊನೆಗೆ," ಎಂದಳು ಸೂಜಿ. "ಆಗ ಬಿಚ್ಚಿದ್ರೆ ಸಾಲದಾ?"

ಅವಳ ಮುಖ ನೋಡಿ ಅಮ್ಮನಿಗೆ ಬೇರೆ ಸಂಗತಿಯೇ ಅರ್ಥವಾಯಿತು. "ಅಯ್ಯೋ ನಿನ್ನ! ಊರಲ್ಲಿ ಜೀವ ಇರೋ ಗಂಡು ಒಂದೂ ಸಿಗಲಿಲ್ವೇನೇ?"

"ಜೀವ ಇರೋರನ್ನೆಲ್ಲ ಕಳಿಸಿಬಿಟ್ಟಿದಾರಲ್ಲ," ಎಂದು ಸೂಜಿ ತಟ್ಟೆ ತೆಗೆದುಕೊಂಡು ಹಗ್ಗದ ಕಡೆ ಹೋದಳು.

ಅವನು ಊಟ ಮಾಡುತ್ತಿರಲಿಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದ, ಆವಿ ಮುಗಿಯುವವರೆಗೆ ನೋಡುತ್ತಿದ್ದ, "ತುಂಬ ಚೆನ್ನಾಗಿತ್ತು" ಎನ್ನುತ್ತಿದ್ದ. ತಣ್ಣಗಾದ ರೊಟ್ಟಿಯನ್ನು ಆಮೇಲೆ ಪುಕ್ಕಲ ತಿನ್ನುತ್ತಿದ್ದ. ಹೀಗಾಗಿ ಹಿಟ್ಟಿನ ವಿಷಯಕ್ಕೆ ಅಮ್ಮ ಬೈಯುವಂಥದ್ದೇನೂ ಉಳಿಯಲಿಲ್ಲ. ಆದರೂ ಬೈಯುತ್ತಿದ್ದಳು, ಅಭ್ಯಾಸ. ಕೋಟು ತೂಗುಹಾಕಿದಾಗ ಮಾತ್ರ ಅವನು ಇರುತ್ತಿದ್ದ. ಮಡಚಿ ಪೆಟ್ಟಿಗೆಯಲ್ಲಿಟ್ಟರೆ ಇಲ್ಲ. ಸಂಜೆ ಕೋಟು ಮಡಚುವಾಗ ಸೂಜಿ ತೋಳುಗಳನ್ನು ಎದೆಯ ಮೇಲೆ ತಂದು, ಮಗುವನ್ನು ಮಲಗಿಸುವ ಹಾಗೆ ಮಡಚುತ್ತಿದ್ದಳು.

ಅವನು ಕಿಟಕಿಗೆ ಗಾಜು ಕೂರಿಸುವ ಕೆಲಸದವನಂತೆ. ಊರು ಯಾವುದೆಂದು ನೆನಪಿರಲಿಲ್ಲ. ಅಳತೆಗಳು ಮಾತ್ರ ನೆನಪಿದ್ದವು. ಹಿಂದೊಮ್ಮೆ ಇಲ್ಲಿ ಊರಾಚೆಯ ಮದ್ದುಗುಂಡಿನ ಉಗ್ರಾಣ ಸಿಡಿದ ದಿನ ಸೂಜಿಯ ಬೀದಿಯ ಗಾಜುಗಳೆಲ್ಲ ಒಡೆದು ಹೋಗಿದ್ದವು. ಗಾಜು ಎಲ್ಲೂ ಸಿಗುತ್ತಿರಲಿಲ್ಲ. ಈ ಮನೆಯಲ್ಲೂ ಬೀದಿ ಕಡೆಯ ಕಿಟಕಿಗೆ ರಟ್ಟು ಹೊಡೆದಿದ್ದರು. ಹಗಲಲ್ಲೂ ಕತ್ತಲೆ. ರಫೂ ಕೆಲಸಕ್ಕೆ ಎಲ್ಲರೂ ಹಿತ್ತಲಿನ ಚಳಿಯಲ್ಲಿ ಕೂರಬೇಕು.

ಒಂದು ದಿನ ಅವನು, "ಆ ರಟ್ಟು ತೆಗೆದ್ರೆ ನಾನು ನೋಡ್ತೀನಿ," ಎಂದ.

ಸೂಜಿ ಕೋಟನ್ನು ತಂದು ಒಳಗಿನ ಗೂಟಕ್ಕೆ ನೇತುಹಾಕಿದಳು. ಅಪ್ಪ ಗೊಣಗುತ್ತಲೇ ರಟ್ಟು ಕಿತ್ತ. ಚಳಿಗಾಳಿ ನುಗ್ಗಿತು. ಹುಡುಗ ಚೌಕಟ್ಟನ್ನು ಗೇಣಿನಿಂದ ಅಳೆದ. ಎರಡೂ ಕೈಯಲ್ಲಿ ಏನನ್ನೋ ಹುಷಾರಾಗಿ ಎತ್ತಿ ತಂದ. ಕೈಯಲ್ಲಿ ಏನೂ ಇರಲಿಲ್ಲ. ಅದನ್ನು ಚೌಕಟ್ಟಿಗೆ ಕೂರಿಸಿ, ಸುತ್ತ ಅಂಚನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ಬಂದ. ಗಾಳಿ ನಿಂತುಹೋಯಿತು.

"ನಾಟಕ," ಎಂದ ಅಪ್ಪ. ಅಷ್ಟರಲ್ಲಿ ಬೀದಿಯಿಂದ ಹಾರಿಬಂದ ನೊಣವೊಂದು ಆ ಖಾಲಿ ಜಾಗಕ್ಕೆ ಟಪ್ಪೆಂದು ಹೊಡೆದು, ಜಾರಿ, ಕೆಳಗಿನ ಚೌಕಟ್ಟಿನ ಮೇಲೆ ಕೂತು ಕೈ ಉಜ್ಜಿಕೊಂಡಿತು. ಅಪ್ಪ ತನ್ನ ಮಣೆಯನ್ನು ಎತ್ತಿಕೊಂಡು ಬಂದು ಆ ಬೆಳಕಿನಲ್ಲಿ ಹಾಕಿ ಕೂತ.

ಇದೆಲ್ಲ ಸಾಧ್ಯವೇ ಎಂದು ಆ ಮನೆಯಲ್ಲಿ ಯಾರೂ ಚರ್ಚೆ ಮಾಡಲಿಲ್ಲ. ಮನೆ ಬೆಚ್ಚಗಾಯಿತು, ಸೌದೆ ಉಳಿಯಿತು. ಆ ಕಿಟಕಿಯಿಂದ ನೋಡಿದರೆ ಬೀದಿ ಈಗಷ್ಟೇ ತೊಳೆದಿಟ್ಟ ಹಾಗಿರುತ್ತಿತ್ತು. ಕುಂಟುತ್ತ ಹೋಗುವವರೂ ಅಲ್ಲಿ ತೇಲಿಕೊಂಡು ಹೋಗುವಂತೆ ಕಾಣುತ್ತಿದ್ದರು. ಅಮ್ಮ ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ತಂದು ಆ ಇಲ್ಲದ ಗಾಜನ್ನು ಒರೆಸತೊಡಗಿದಳು. ಗಾಜು ಅಂದಮೇಲೆ ಒರೆಸಬೇಕು. ಬಟ್ಟೆ ಕೀಚು ಕೀಚು ಎನ್ನುತ್ತಿತ್ತು.

"ಏನ್ ಭಾವ, ಊಟ ಆಯ್ತಾ?" ಎಂದು ಪುಕ್ಕಲ ಬೇಕರಿಯಿಂದ ಬಂದವನು ದಿನಾ ಕೇಳುತ್ತಿದ್ದ. ಹುಬ್ಬಿನ ಮೇಲೆ ಹಿಟ್ಟು. ಮೊದಲ ವಾರ ಬಾಗಿಲ ಆಚೆಯಿಂದ ಕೇಳುತ್ತಿದ್ದ, ಆಮೇಲೆ ಹೊಸ್ತಿಲ ಮೇಲೆ ನಿಂತು, ಆಮೇಲೆ ಪಕ್ಕದಲ್ಲೇ ಕೂತು.

"ಯಾರೋ ನಿಂಗೆ ಭಾವ?" ಎಂದು ಅಮ್ಮ ಗದರಿಸುತ್ತಿದ್ದಳು.

"ಹಲ್ಲಿಗಿಂತ ಇವನೇ ವಾಸಿ ಕಣಮ್ಮ. ಮೈಮೇಲೆ ಬೀಳಲ್ಲ."

ಸೂಜಿ ಗೂಟದ ಕೆಳಗೆ ಕೂತು ಬೇರೆ ಕೋಟುಗಳ ತೂತು ಮುಚ್ಚುತ್ತಿದ್ದಳು. ಅವನು ಕಿಟಕಿಯ ಪಕ್ಕ ನಿಂತಿರುತ್ತಿದ್ದ. ಇಬ್ಬರ ಮಾತೂ ಎಳೆಯ ಹಾಗೆ, ಒಂದು ಬಂದು ಹೋಗಲು ಬಹಳ ಹೊತ್ತು.

"ಗಾಜು ಚೆನ್ನಾಗಿ ಕೂತಿದೆ ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಅವಳು ಕೇಳಿದಳು.

"ಗಾಜು ಕಾಣಬಾರದು. ಆಚೆ ಇರೋದು ಕಾಣಬೇಕು."

"ನಮ್ದೂ ಹಂಗೇ. ನಮ್ಮ ಕೆಲಸ ಕಂಡ್ರೆ ಕೆಲಸ ಕೆಟ್ಟಿದೆ ಅಂತ."

"ಹಂಗಾದ್ರೆ ನಾವಿಬ್ರೂ ಒಂದೇ ಕಸುಬಿನವರು," ಎಂದು ಅವನು ನಕ್ಕ. ನಕ್ಕಾಗ ಅವಳ ಬೆರಳಲ್ಲಿದ್ದ ಎಳೆ ಒಂದಿಷ್ಟು ಜಗ್ಗಿದಂತಾಯಿತು. ಆ ಎಳೆಗೂ ಅವನ ಕೋಟಿಗೂ ಯಾವ ಸಂಬಂಧವೂ ಇರಲಿಲ್ಲ.

"ನಿಂಗಾಗಿ ಯಾರಾದ್ರೂ ಕಾಯ್ತಿದಾರಾ?"

ಅವನು ಕಿಟಕಿಯ ಅಂಚನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದ. "ಮುಖ ನೆನಪಾಗಲ್ಲ. ಒಂದು ಕಿಟಕಿ ನೆನಪಾಗುತ್ತೆ. ಅರ್ಧ ಕೂರಿಸಿದ್ದೆ. ಅಷ್ಟರಲ್ಲಿ ಕರೆ ಬಂತು. ಅಂಚಿಗೆ ಮೆತ್ತಿದ್ದು ಇನ್ನೂ ಹಸಿ ಇತ್ತು. ಬಂದು ಮುಗಿಸ್ತೀನಿ ಅಂತ ಹೇಳಿ ಬಂದೆ."

"ಈ ಕಿಟಕಿ ಮುಗಿಸಿದ್ಯಲ್ಲ. ಸಾಲದಾ?"

"ಸಾಲುತ್ತೆ," ಎಂದ. ಆದರೆ ಅವನ ಕಣ್ಣು ಬೀದಿಯ ಕೊನೆಯಲ್ಲಿತ್ತು.

ಅವಳು ಒಮ್ಮೆ ಅವನ ಕೈ ಮುಟ್ಟಿದಳು. ಬೆಳಗಿನ ಗಾಜಿನ ಹಾಗೆ ತಣ್ಣಗಿತ್ತು. ಅವಳ ಬೆರಳ ಗುರುತು ಅದರ ಮೇಲೆ ಆವಿಯಂತೆ ಮೂಡಿ, ನಿಧಾನಕ್ಕೆ ಅಳಿಸಿಹೋಯಿತು. ಅವಳು ಮತ್ತೆ ಮುಟ್ಟಿದಳು.

ತಿಂಗಳ ಕೊನೆಗೆ ಗಾಡಿ ಬಂತು. ಸೂಜಿ ಆ ಕೋಟನ್ನು ಮುಗಿದಿಲ್ಲದ ರಾಶಿಯ ಅಡಿಗೆ ತಳ್ಳಿದಳು. ಅಪ್ಪ ಅದನ್ನು ನೋಡಿದ. ಆದರೆ ಗಾಡಿಯವನು ಕೋಟುಗಳ ಜೊತೆ ಒಂದು ಸುದ್ದಿಯನ್ನೂ ಇಳಿಸಿದ.

"ನಿಮ್ಮ ಹುಡುಗನ ವಯಸ್ಸಿನವರನ್ನೂ ಕರೆದಿದಾರೆ. ಬೇಕರಿ ಗೋಡೆಗೆ ಅಂಟಿಸಿದಾರೆ, ನೋಡಿಲ್ವಾ?"

ಪುಕ್ಕಲ ನೋಡಿದ್ದ. ಮನೆಯಲ್ಲಿ ಹೇಳಿರಲಿಲ್ಲ.

"ಮುಂದಿನ ವಾರ ಶಾಲೆ ಬಯಲಿಗೆ ಬರಬೇಕು," ಎಂದ ಗಾಡಿಯವನು. "ಚಳಿ ಅಲ್ಲಿ ಇಲ್ಲಿಯ ಹಾಗಲ್ಲಮ್ಮ, ಮೂಳೆ ಕಚ್ಚುತ್ತೆ. ನನ್ನ ಮಾತು ಕೇಳಿ, ನಿಮ್ಮತ್ರ ಇರೋದರಲ್ಲಿ ಒಳ್ಳೇ ಕೋಟು ಒಂದು ಅವನಿಗೆ ಇಟ್ಕೊಳ್ಳಿ. ಅವನ ಹೆಸರಿಗೆ ಬರೆಸ್ತೀನಿ. ಆದ್ರೆ ಒಂದು, ಬರೆಸಿದ ಮೇಲೆ ಅಲ್ಲಿ ಇನ್ನೊಂದು ಕೊಡಲ್ಲ. ಉಳಿದವೆಲ್ಲ ಮುಂದಿನ ಸಲ ನಂಗೆ ಬೇಕು. ಒಂದು ಕಡಿಮೆಯಾದ್ರೂ ನಿಮ್ಮ ಯಜಮಾನರ ಕೈಗೆ ಕೋಳ."

ಅವನು ಹೋದ ಮೇಲೆ ಅಮ್ಮ ರಾಶಿಯನ್ನೆಲ್ಲ ಕೆದಕಿದಳು. ಒಂದೊಂದನ್ನೂ ಹಿಡಿದು ತೂಗಿ, ಉಣ್ಣೆ ಹಿಸುಕಿ, ಕೊನೆಗೆ ಅಡಿಯಲ್ಲಿದ್ದದ್ದನ್ನು ಎಳೆದಳು.

"ಇದೇ. ಇದರಷ್ಟು ದಪ್ಪ ಇನ್ನೊಂದಿಲ್ಲ."

"ಅದು ಬೇಡ," ಎಂದಳು ಸೂಜಿ.

"ಯಾಕೆ ಬೇಡ? ಒಡಹುಟ್ಟಿದವನು ಚಳೀಲಿ ಸಾಯ್ಲಿ, ಇದು ಗೂಟದ ಮೇಲೆ ಸಿಂಗಾರಕ್ಕಿರ್ಲಿ ಅಂತಾನಾ?"

"ಒಂದು ಕೋಟಲ್ಲಿ ಇಬ್ಬರು ಹಿಡಿಸಲ್ಲ," ಎಂದಳು ಅಜ್ಜಿ ಮೂಲೆಯಿಂದ. "ಗಂಟು ಬಿಚ್ಚದೆ ಹಾಕಿದ್ರೆ ಒಳಗಿರೋನಿಗೆ ಜಾಗ ಬೇಕು, ಹಾಕ್ಕೊಂಡೋನಿಗೂ ಜಾಗ ಬೇಕು. ಹಳಬ ಹೊಸಬನ ಜೀವಾನ ಆಚೆ ತಳ್ತಾನೆ. ಬೇಕು ಅಂತಲ್ಲ, ಪಾಪ. ಜಾಗ ಇರಲ್ಲ, ಅಷ್ಟೆ."

ಅಮ್ಮ ಕೋಟನ್ನು ಕೈಬಿಟ್ಟಳು. ಅದು ನೆಲಕ್ಕೆ ಬಿತ್ತು. ಸೂಜಿ ಎತ್ತಿಕೊಂಡು ಧೂಳು ಕೊಡವಿದಳು.

"ಹಂಗಾದ್ರೆ ಬೇರೆ ಕೊಡೋಣ," ಎಂದಳು ಅಮ್ಮ, ದನಿ ಇಳಿಸಿ. "ಆ ಬಿಳಿ ಗುಂಡಿದು ಇದೆಯಲ್ಲ. ಸ್ವಲ್ಪ ತೆಳು. ಒಳಗೊಂದು ಅಸ್ತರಿ ಕೊಟ್ರೆ ಆಯ್ತು."

"ಆಮೇಲೆ ಇದು?" ಎಂದ ಅಪ್ಪ. ಅಪರೂಪಕ್ಕೆ ಮಾತಾಡುವವನು, ಮಾತಾಡಿದರೆ ಕೈಯ ಸೂಜಿ ಕೆಳಗಿಡುತ್ತಿದ್ದ. ಈಗ ಇಟ್ಟಿದ್ದ. "ಇದು ಗಾಡಿಗೆ ಹೋಗುತ್ತೆ. ಯಾರೋ ಹಾಕ್ಕೋತಾರೆ. ಯಾರು?"

"ಯಾರೋ," ಎಂದಳು ಸೂಜಿ.

"ಯಾರೋ ಅಂದ್ರೆ?"

"ನಂಗೇನಪ್ಪ ಗೊತ್ತು? ನಮ್ಮನೆಯವರಂತೂ ಅಲ್ಲ."

"ನಮ್ಮನೆಯವರಲ್ಲ ಅಂದ್ರೆ ಗೂಟಕ್ಕೆ ಹುಟ್ಟಿದವರಾ? ಬಿಚ್ಚು ಅದನ್ನ!"

"ಬಿಚ್ಚಲ್ಲ!"

"ಬಿಚ್ಚೇ!"

"ಎಲ್ಲಾರ್ದೂ ಮುಚ್ಚಿ ಮುಚ್ಚಿ ಕೊಟ್ಟಿದೀನಿ. ಒಂದು, ಒಂದೇ ಒಂದು ನಂಗೆ ಉಳಿದಿದೆ. ಅದೂ ಬೇಕಾ ನಿಮಗೆ?"

ಅಷ್ಟು ಹೊತ್ತೂ ಪುಕ್ಕಲ ತಟ್ಟೆಯ ಮುಂದೆ ಕೂತು ಒಂದೇ ತುತ್ತನ್ನು ಅಗಿಯುತ್ತಿದ್ದ. ಈಗ ನುಂಗಿದ.

"ಯಾಕಿಷ್ಟು ಕೂಗಾಟ?" ಎಂದ. "ನಂಗೆ ಅದೇ ಕೋಟು ಇರ್ಲಿ. ಗಾಡಿಯವನು ನನ್ನ ಹೆಸರಿಗೆ ಬರೆಸೋ ಕೋಟು ಅದೇ ಆಗ್ಲಿ."

"ಅಜ್ಜಿ ಹೇಳಿದ್ದು ಕಿವಿಗೆ ಬೀಳಲಿಲ್ವೇನೋ?"

"ಬಿತ್ತು. ಅಷ್ಟರಲ್ಲಿ ಇವಳು ಬಿಚ್ತಾಳೆ. ಬಿಚ್ತೀಯ ತಾನೇ?"

ಸೂಜಿ ಅಣ್ಣನ ಕಡೆ ನೋಡಿದಳು. ಹುಬ್ಬಿನ ಮೇಲೆ ಹಿಟ್ಟು, ಬಾಯಲ್ಲಿ ನಗು, ಮಂಡಿಯ ಮೇಲಿಟ್ಟ ಕೈ ಮಾತ್ರ ರೊಟ್ಟಿಯ ಚೂರೊಂದನ್ನು ಹಿಸುಕುತ್ತಿತ್ತು. ಅವಳು ಹೂಂ ಎಂದಳು.

ವಾರವಿಡೀ ಅವಳು ಬಿಚ್ಚಲಿಲ್ಲ. ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು, ಸೂಜಿಯ ಮೊನೆಯನ್ನು ಗಂಟಿನವರೆಗೆ ತರುತ್ತಿದ್ದಳು. ಅಷ್ಟರಲ್ಲಿ ಕಿಟಕಿಯ ಬಳಿಯಿಂದ ಅವನು ಏನಾದರೂ ಹೇಳುತ್ತಿದ್ದ, ಮೋಡದ ಬಗ್ಗೆಯೋ ಬೆಕ್ಕಿನ ಬಗ್ಗೆಯೋ, ಅವಳು ಕೇಳುತ್ತ ಕೂತುಬಿಡುತ್ತಿದ್ದಳು. ಬೆಳಕು ನೆಲದ ಮೇಲೆ ಕಿಟಕಿಯ ಆಕಾರದಲ್ಲಿ ಬಿದ್ದು ಗೋಡೆಯವರೆಗೆ ನಡೆದು ಹೋಗುತ್ತಿತ್ತು. ಯುದ್ಧ ಆ ಚೌಕದ ಆಚೆಯಲ್ಲೇ ಉಳಿಯುತ್ತಿತ್ತು. ಅಜ್ಜಿ ಹತ್ತಿರ ಬಂದು ಕೋಟಿನ ಮೇಲೆ ಬೆರಳಾಡಿಸಿ, ನಿಟ್ಟುಸಿರು ಬಿಟ್ಟು ವಾಪಸು ಹೋಗುತ್ತಿದ್ದಳು. ಅಮ್ಮ ಮಗನಿಗೆ ಎರಡೆರಡು ರೊಟ್ಟಿ ಹಾಕಿ, ತಾನು ಸಾರು ಕುಡಿದು ಏಳುತ್ತಿದ್ದಳು.

"ಇವತ್ತು ಬಿಚ್ಚಿದ್ಯಾ?" ಎಂದು ಅಮ್ಮ ಕೇಳುತ್ತಿದ್ದಳು.

"ನಾಳೆ."

"ನಾಳೆ ಅನ್ನೋರ ಮನೆ ಹಾಳು."

ಹೋಗುವ ದಿನ ಬೆಳಿಗ್ಗೆ ಕೋಟು ಗೂಟದ ಮೇಲಿತ್ತು. ಪುಕ್ಕಲ ಅದರ ಮುಂದೆ ನಿಂತು, ತೋಳನ್ನು ತನ್ನ ತೋಳಿಗೆ ಹಿಡಿದು ಅಳತೆ ನೋಡಿದ. ಗಾಜಿನ ಹುಡುಗ ಕಿಟಕಿಯ ಬಳಿ ಇದ್ದ.

"ಭುಜದ ಹತ್ರ ಬಿಗಿ ಕಣಯ್ಯ ಭಾವ, ನಂಗೆ," ಎಂದ ಪುಕ್ಕಲ.

"ನಂಗೂ ಬಿಗಿಯೇ," ಎಂದ ಅವನು.

ಇಬ್ಬರೂ ನಕ್ಕರು. ಸೂಜಿ ಒಳಗೆ ಅಜ್ಜಿಯ ತಲೆ ಬಾಚುತ್ತಿದ್ದಳು.

"ಅಮ್ಮಾ, ಬೇಕರಿ ಅಂಗಿ ವಾಪಸು ಕೊಟ್ಟು ಬರ್ತೀನಿ," ಎಂದು ಪುಕ್ಕಲ ಕೂಗಿದ. "ಮಧ್ಯಾಹ್ನ ಊಟಕ್ಕೆ ಬರ್ತೀನಿ. ಆಮೇಲೆ ಕೋಟು ಹಾಕ್ಕೊಂಡು ಹೊರಡೋದು."

"ಬೇಗ ಬಾ. ದಾರೀಲಿ ನಾಯಿ ಇದೆ ಅಂತ ಸುತ್ತು ಹಾಕ್ಕೊಂಡು ಬರಬೇಡ."

"ಇವತ್ತು ನಾಯಿಗೂ ಹೇಳಿ ಹೋಗ್ತೀನಿ."

ಮಧ್ಯಾಹ್ನಕ್ಕೆ ಅಮ್ಮ ಆರು ತಟ್ಟೆ ಹಾಕಿದಳು. ತಾನೇ ಹಾಕಿದಳು, ಆರನೆಯದಕ್ಕೂ ದಪ್ಪ ರೊಟ್ಟಿ. ಉಳಿಸಿಟ್ಟಿದ್ದ ಹಿಟ್ಟನ್ನೆಲ್ಲ ಅವತ್ತು ಸುರಿದಿದ್ದಳು. ರೊಟ್ಟಿಯ ಆವಿ ಹೋಯಿತು. ಸಾರಿನ ಮೇಲೆ ಕೆನೆ ಕಟ್ಟಿತು. ಪುಕ್ಕಲ ಬರಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬೇಕರಿಗೆ ಹೋದ, ಅಲ್ಲಿಂದ ಶಾಲೆಯ ಬಯಲಿಗೆ. ಬಹಳ ಹೊತ್ತಾದ ಮೇಲೆ ಬಂದು ಬಾಗಿಲಲ್ಲೇ ನಿಂತ.

"ಸಾಲಲ್ಲಿ ನಿಂತಿದಾನೆ. ಬೇಲಿ ಆಚೆಯಿಂದ ಮಾತಾಡಿಸಿದೆ. ಬರೀ ಬೇಕರಿ ಅಂಗೀಲಿ."

"ಕೋಟಿಲ್ಲದೆ?" ಎಂದಳು ಅಮ್ಮ. "ಅಯ್ಯೋ, ಮರೆತುಹೋದ್ನಾ?"

"ಮರೆತಿಲ್ಲ. ಕೋಟು ಮನೇಲೇ ಇರ್ಲಿ ಅಂದ. ನನ್ನ ಹೆಸರಿಗೆ ಬರೆದಾಗಿದೆ, ಇನ್ನು ಯಾರೂ ಕೇಳಲ್ಲ, ಯಾರ ಮೈಗೂ ಹೋಗಲ್ಲ ಅಂದ." ಅಪ್ಪ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. "ನಾನು ಒಲೆ ಮುಂದೆ ನಿಂತು ಕಾದವನು, ನಂಗೆಂಥ ಚಳಿ ಅಂದ. ಹಲ್ಲು ಕಟಕಟ ಅಂತಿತ್ತು."

"ಬೇರೆ ಕೊಡ್ತಾರಲ್ಲ ಅಲ್ಲಿ?" ಎಂದಳು ಸೂಜಿ.

"ಕೊಡಲ್ಲ ಅಂತ ಗಾಡಿಯವನು ಹೇಳಲಿಲ್ವಾ? ಅವನ ಪಾಲಿಂದು ಇಲ್ಲೇ ತೂಗ್ತಿದೆ, ನೋಡು."

ಅಮ್ಮ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ಆ ಮನೆಯಲ್ಲಿ ಅದೇ ಮೊದಲು. ಸೂಜಿ ಎದ್ದು ಹೋಗಿ ಕೋಟನ್ನು ಗೂಟದಿಂದ ಇಳಿಸದೆ, ಅಲ್ಲೇ ಅದರ ಮುಂದೆ ನಿಂತು ಎದೆಯ ಎಡಭಾಗವನ್ನು ಒಳಮಗ್ಗುಲಿಗೆ ತಿರುಗಿಸಿದಳು. ಗಾಜಿನ ಹುಡುಗ ಹತ್ತಿರ ಬಂದು ನಿಂತ.

"ಪುಕ್ಕಲ ಅಂತ ಯಾರು ಹೆಸರಿಟ್ರೋ ಅವನಿಗೆ," ಎಂದ.

"ಮಾತಾಡಬೇಡ. ನೀನು ಮಾತಾಡಿದ್ರೆ ನನ್ನ ಕೈ ನಿಂತುಹೋಗುತ್ತೆ."

ಅವನು ಸುಮ್ಮನಾದ. ಅವಳು ಸೂಜಿಯ ಮೊನೆಯನ್ನು ಗಂಟಿನೊಳಗೆ ತೂರಿಸಿದಳು. ಸಿಟ್ಟಿನಲ್ಲಿ ಹಾಕಿದ ಗಂಟು, ಕಲ್ಲಿನ ಹಾಗಿತ್ತು. ಒಂದು ಸುತ್ತು ಸಡಿಲವಾಯಿತು. ಅವನ ಭುಜ ಇಳಿಯಿತು. ಇನ್ನೊಂದು ಸುತ್ತು. ಅವಳ ಕಣ್ಣು ಮಂಜಾಗಿ ಎಳೆ ಕಾಣದಾಯಿತು. ಅಜ್ಜಿ ತಡಕಾಡುತ್ತ ಬಂದು ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ದಾರಿ ತೋರಿಸಿದಳು. ಬಿಚ್ಚಲಿಲ್ಲ, ತೋರಿಸಿದಳು ಅಷ್ಟೆ. ಎಳೆಯ ತುದಿ ಹೊರಗೆ ಬಂತು. ಸೂಜಿ ಅದನ್ನು ನೆಯ್ಗೆಯ ಕೆಳಗೆ ಹಿಂದಕ್ಕೆ ತೂರಿಸಿ ಬಿಟ್ಟಳು.

ಅವನು ಉಸಿರು ಬಿಟ್ಟ. ಅಷ್ಟು ದಿನದಿಂದ ಒಳಗಿದ್ದ ಉಸಿರು. ಅದು ಅವಳ ಹಣೆಗೆ ಬೆಚ್ಚಗೆ ತಾಗಿತು.

"ಆ ಕಿಟಕಿ ಯಾವ ಬೀದೀಲಿತ್ತು ಅಂತ ಈಗ ನೆನಪಾಯ್ತು," ಎಂದ.

"ಹಸಿ ಆರೋದ್ರೊಳಗೆ ಹೋಗು," ಎಂದಳು ಸೂಜಿ.

ಅಪ್ಪ ಕೋಟನ್ನು ಗೂಟದಿಂದ ಕಿತ್ತು ಕಂಕುಳಲ್ಲಿ ಅವುಚಿಕೊಂಡು ಬಯಲಿನ ಕಡೆ ಓಡಿದ. ಕೋಟು ಗೂಟದ ಮೇಲೆ ಇಲ್ಲದಿದ್ದರೂ ಹುಡುಗ ಇದ್ದ. ಬಿಳಿ ಅಂಗಿಯಲ್ಲಿದ್ದ. ಬಗ್ಗಿ ಬೂಟಿನ ದಾರ ಕಟ್ಟಿಕೊಂಡ, ಹೊಸ್ತಿಲು ದಾಟಿದ, ಬೀದಿಗೆ ಇಳಿದ.

ಆಗ ಅಮ್ಮ ಬಾಗಿಲಿಗೆ ಓಡಿ ಬಂದಳು. ಕೈಯಲ್ಲಿ ಆರನೇ ತಟ್ಟೆ.

"ಊಟ ಮಾಡಿ ಹೋಗಪ್ಪಾ! ಏಯ್! ಬಿಸಿ ಮಾಡಿ ಕೊಡ್ತೀನಿ, ಒಂದು ತುತ್ತು ತಿಂದು ಹೋಗೋ!"

ಅವನು ತಿರುಗಲಿಲ್ಲ. ಅಪ್ಪ ಮೂಲೆಯಲ್ಲಿ ಎಡಕ್ಕೆ ತಿರುಗಿದ. ಹುಡುಗ ನೇರ ಹೋದ. ಮತ್ತೆ ಬರಲಿಲ್ಲ.

ಅಮ್ಮ ಬಹಳ ಹೊತ್ತು ನಿಂತಿದ್ದು ಒಳಗೆ ಬಂದಳು. ತಟ್ಟೆ ಕೆಳಗಿಟ್ಟಳು. ಏನಾದರೂ ಮಾಡಬೇಕಲ್ಲ ಎಂದು ಒದ್ದೆ ಬಟ್ಟೆ ತೆಗೆದುಕೊಂಡು ಕಿಟಕಿ ಒರೆಸಲು ಹೋದಳು. ಬಟ್ಟೆ ಹಿಡಿದ ಕೈ ಮೊಣಕೈವರೆಗೂ ಬೀದಿಗೆ ಹೋಯಿತು.